ಖಾಲಿ ಸೀಟಿನ ಸದ್ದು

2023ರ ಜನವರಿಯಲ್ಲಿ ನಾನು ಮಿಶಿಗನ್ ರಾಜ್ಯದ ಪ್ಲಿಮತ್‌ನಲ್ಲಿ, ಕಾರಿನ ಸೀಟುಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಸೀನಿಯರ್ ಕ್ವಾಲಿಟಿ ಎಂಜಿನಿಯರ್ ಆಗಿದ್ದೆ. ಡೆಟ್ರಾಯಿಟ್ ಸುತ್ತಮುತ್ತ ಇಂಥ ಕಂಪನಿಗಳು ಬೇಕಾದಷ್ಟಿವೆ. ಕಾರು ಮಾಡುವವರು ದೊಡ್ಡವರು; ಸೀಟು, ದೀಪ, ವೈಪರ್ ಮಾಡಿ ಅವರಿಗೆ ಒದಗಿಸುವವರು ನಾವು. ಅವರ ಕಡೆಯಿಂದ ಒಬ್ಬ ಎಂಜಿನಿಯರ್ ನಮ್ಮ ಸೀಟು ಹಾಕಿದ ಕಾರನ್ನು ಕೆಲವು ವಾರ ಓಡಿಸಿ, ತೃಪ್ತಿಯಾದರೆ ಸಹಿ ಹಾಕುತ್ತಾನೆ. ಆ ಸಹಿ ಬೀಳುವವರೆಗೆ ನಮ್ಮ ಸೀಟುಗಳು ಗೋದಾಮು ಬಿಟ್ಟು ಕದಲುವಂತಿಲ್ಲ.

ಆ ಚಳಿಗಾಲ ಸಹಿ ಹಾಕಬೇಕಾಗಿದ್ದವನು ಡೆನಿಸ್. ವಯಸ್ಸು ಅರವತ್ತರ ಮೇಲೆ, ಆರಡಿ ಎತ್ತರ, ಗುಡುಗಿನಂಥ ದನಿ. ಡೆಟ್ರಾಯಿಟ್‌ನಲ್ಲೇ ಹುಟ್ಟಿ, ಕಾರುಗಳ ನಡುವೆಯೇ ಬೆಳೆದವನು. ಮುಂದಿನ ಪ್ಯಾಸೆಂಜರ್ ಸೀಟಿನಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತದೆ ಎನ್ನುವುದು ಅವನ ದೂರು. ಆ ಸದ್ದು ಅವನನ್ನು ಬಿಟ್ಟು ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ನಮ್ಮವರು ಹೋಗಿ ಅವನ ಪಕ್ಕ ಕೂತು ಬಂದರು, ಕೇಳಿಸಲಿಲ್ಲ. ಅವನ ಆಫೀಸಿನವರೇ ಕೂತು ನೋಡಿದರು, ಕೇಳಿಸಲಿಲ್ಲ. ನಮ್ಮ ಲ್ಯಾಬಿನಲ್ಲಿ ಶೇಕರ್ ಟೇಬಲ್ ಅಂತ ಇದೆ, ಗುಂಡಿ ಬಿದ್ದ ರಸ್ತೆಯಲ್ಲಿ ಕಾರು ಕುಲುಕುವ ಹಾಗೆ ಸೀಟನ್ನು ಕುಲುಕುವ ಯಂತ್ರ. ಅದರ ಮೇಲಿಟ್ಟು ಅಲ್ಲಾಡಿಸಿದರೂ ಸೀಟು ತುಟಿ ಬಿಚ್ಚಲಿಲ್ಲ.

ಇಷ್ಟೇ ಆಗಿದ್ದರೆ ಅದು ಬರೀ ಎಂಜಿನಿಯರಿಂಗ್ ಸಮಸ್ಯೆ. ಆದರೆ ಡೆನಿಸ್ ಕೂಗಾಡುತ್ತಿದ್ದ. ಮೀಟಿಂಗಿನ ಮಧ್ಯೆ ಎದ್ದು ಹೋಗುತ್ತಿದ್ದ, ಎದುರಿನವರು ಮಾತು ಮುಗಿಸುವ ಮೊದಲೇ ಫೋನ್ ಇಡುತ್ತಿದ್ದ. ಅವನ ಬೈಗುಳ ಹೆಚ್ಚಾಗಿ ಬೀಳುತ್ತಿದ್ದದ್ದು ನನ್ನ ತಂಡದ ಅನಘಾಳ ಮೇಲೆ, ಏಕೆಂದರೆ ಟೆಸ್ಟ್ ರಿಪೋರ್ಟುಗಳನ್ನು ಕಳಿಸುತ್ತಿದ್ದವಳು ಅವಳು. ಅನಘಾ ಪಕ್ಕದ ಕ್ಯಾಂಟನ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ. ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು. ಅವಳ ತಾಯಿ ನನಗೆ ಕನ್ನಡ ಸಂಘದ ಗೆಳತಿ. ಹಾಗಾಗಿ ಅನಘಾಗೆ ನಾನು ಆಫೀಸಿನಲ್ಲಿ ಸುಮಾ, ಹೊರಗೆ ಸುಮಾ ಆಂಟಿ. ಸಿಟ್ಟು ಬಂದಾಗ ಆಫೀಸಿನಲ್ಲೂ ಆಂಟಿಯೇ.

ಒಂದು ಮಧ್ಯಾಹ್ನ ಅವಳು ನನ್ನ ಕ್ಯೂಬಿಕಲ್‌ಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಆಂಟಿ, ಐ ಆ್ಯಮ್ ಡನ್. ಅವ್ರ ಕಾಲ್ ನಾನು ಇನ್ಮೇಲೆ ಎತ್ತಲ್ಲ. ಹೆಸರು ಹಿಡಿದು ಕರೆಯಲ್ಲ, ಯಾವಾಗ್ಲೂ ಕಿಡ್ ಅಂತಾರೆ. ಇವತ್ತು ಏನಂದ್ರು ಗೊತ್ತಾ? 'ಕಿವಿ ಇರೋ ಯಾರನ್ನಾದ್ರೂ ಕಳ್ಸು' ಅಂದ್ರು. ನಂಗೆ ಬೇರೆ ಟೀಮ್‌ಗೆ ಟ್ರಾನ್ಸ್‌ಫರ್ ಬೇಕು."

ನಮ್ಮ ಮ್ಯಾನೇಜರ್ ಲಿಂಡಾಗೂ ಸಾಕಾಗಿಹೋಗಿತ್ತು. ಕಾರಿನ ಲಾಂಚ್ ವಸಂತ ಕಾಲಕ್ಕೆ ನಿಗದಿಯಾಗಿತ್ತು. ಅಷ್ಟರಲ್ಲಿ ಸಹಿ ಬೀಳದಿದ್ದರೆ ಕೆಲಸ ಬೇರೆ ಕಂಪನಿಯ ಪಾಲಾಗುತ್ತಿತ್ತು, ನಮ್ಮ ಕಾರ್ಖಾನೆಯಲ್ಲಿ ಒಂದು ಶಿಫ್ಟ್ ನಿಲ್ಲುತ್ತಿತ್ತು. ಡೆನಿಸ್‌ನ ಮೇಲಧಿಕಾರಿಗೆ ದೂರು ಕೊಟ್ಟು ಅವನನ್ನು ಬದಲಾಯಿಸಿ ಎಂದು ಕೇಳುವುದಾಗಿ ಲಿಂಡಾ ನನಗೆ ಹೇಳಿದಳು. ದೂರು ಕೊಡುವುದಾದರೆ ಕೊಡೋಣ, ಅದಕ್ಕೆ ಮೊದಲು ನಾನೊಮ್ಮೆ ಅವನ ಜೊತೆ ಕಾರಿನಲ್ಲಿ ಹೋಗಿ ಬರುತ್ತೇನೆ ಎಂದೆ. ಒಂದು ವಾರ ಸಿಕ್ಕಿತು.

ಆ ಸಂಜೆ ಊಟದ ಹೊತ್ತಿನಲ್ಲಿ ಈ ವಿಷಯ ನನ್ನ ಗಂಡನಿಗೆ ಹೇಳಿದೆ. ಅವರು ಗದಗಿನವರು, ಇಲ್ಲಿ ಫ್ಯಾಮಿಲಿ ಡಾಕ್ಟರ್. ಇಷ್ಟು ವರ್ಷ ಅಮೆರಿಕದಲ್ಲಿದ್ದರೂ ಮನೆಯಲ್ಲಿ ಅವರ ಮಾತು ಗದಗು ಬಿಟ್ಟು ಬಂದಿಲ್ಲ.

"ಅಂವಗ ಏನ್ ಕೇಳಾಕ ಹೊಂಟಿ ನೀ?" ಎಂದರು.

"ಸದ್ದು ಬರುತ್ತಾ ಇಲ್ವಾ ಅಂತ ನೋಡೋದು, ಅಷ್ಟೆ."

"ಅದನ್ನ ಎಲ್ಲಾರೂ ನೋಡಿ ಬಂದಾರಲ್ಲ! ಪೇಷಂಟ್ ಹೊಟ್ಟಿ ನೂಸ್ತೈತಿ ಅಂದ್ರ, ನಾ ಒತ್ತಿ ನೋಡಿ 'ನನಗೇನೂ ಸಿಗವಲ್ದು, ಮನೀಗೆ ಹೋಗು' ಅಂತೇನೇನು? ಯಾವಾಗ ನೂಸ್ತೈತಿ, ಏನ್ ಮಾಡಿದಾಗ ನೂಸ್ತೈತಿ, ಅದನ್ನ ಮೊದಲ ಕೇಳ್ತೇನಿ."

ಮೂರು ದಿನ ಬಿಟ್ಟು, ಮಧ್ಯಾಹ್ನ ಡೆನಿಸ್ ನಮ್ಮ ಆಫೀಸಿಗೇ ಕಾರು ತಂದ. ನಾನು ಪಕ್ಕದಲ್ಲಿ ಕೂತೆ. ಅವನು ಆರಿಸಿಕೊಂಡ ರಸ್ತೆಗಳೋ, ಮಿಶಿಗನ್‌ನ ಚಳಿಗಾಲ ಕಿತ್ತು ತಿಂದ ರಸ್ತೆಗಳು. ಗುಂಡಿಗಳ ಮೇಲೆ ನನ್ನ ಹಲ್ಲುಗಳೇ ಕಟಕಟ ಎನ್ನುತ್ತಿದ್ದವು, ಸೀಟು ಮಾತ್ರ ತೆಪ್ಪಗಿತ್ತು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೇಳಿಸ್ತಾ?" ಎಂದ.

"ಇಲ್ಲ."

ಬ್ರೇಕ್ ಒತ್ತಿ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದ. "ಎಲ್ಲರೂ ಹೇಳಿಕೊಟ್ಟ ಹಾಗೆ ಬಂದು ಇದನ್ನೇ ಹೇಳ್ತೀರಿ! ನನಗೆ ತಲೆ ಕೆಟ್ಟಿದೆ ಅಂತ ಬರೆದುಕೊಂಡು ಹೋಗಿ!" ಎಂದು ಸ್ಟೀರಿಂಗ್ ಗುದ್ದಿದ. ಅವನ ಕೈ ತಗುಲಿ ಹಾರ್ನ್ ಹೊಡೆದುಕೊಂಡಿತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ, ನಮ್ಮನ್ನು ದುರುಗುಟ್ಟಿ ನೋಡಿದಳು. ಡೆನಿಸ್ ಆ ಸಿಟ್ಟಿನಲ್ಲೂ ಕೈಯೆತ್ತಿ ಅವಳ ಕ್ಷಮೆ ಕೇಳಿದ. ಈ ಮನುಷ್ಯನ ಜೊತೆ ಮಾತಾಡಬಹುದು ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಆಗಲೇ.

"ಡೆನಿಸ್, ನನಗೆ ಕೇಳಿಸಲಿಲ್ಲ ಅಂದೆ. ಸದ್ದು ಬರಲ್ಲ ಅನ್ನಲಿಲ್ಲ," ಎಂದೆ. "ನಿಮಗೆ ಅದು ಯಾವಾಗ ಕೇಳಿಸುತ್ತೆ, ಹೇಳಿ."

ಅವನು ನನ್ನ ಕಡೆ ತಿರುಗಿದ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಸ್ವಲ್ಪ ಯೋಚಿಸಿ, "ಬೆಳಿಗ್ಗೆ. ಮನೆಯಿಂದ ಹೊರಟಾಗ. ಹೀಟರ್ ಕಾರನ್ನು ಬೆಚ್ಚಗೆ ಮಾಡೋವರೆಗೆ ಬರುತ್ತೆ, ಆಮೇಲೆ ನಿಲ್ಲುತ್ತೆ," ಎಂದ.

"ಆಗ ಜೊತೆಗೆ ಯಾರಿರ್ತಾರೆ?"

"ಯಾರಿರ್ತಾರೆ? ಆಫೀಸಿಗೆ ಹೋಗೋನು ನಾನೊಬ್ಬನೇ."

ಅಂದರೆ ಪಕ್ಕದ ಸೀಟು ಖಾಲಿ! ಸದ್ದು ಕೇಳಲು ಹೋದ ನಾವೆಲ್ಲರೂ ಸೀಟಿಗೆ ಹತ್ತಿರ ಕೂತರೆ ಚೆನ್ನಾಗಿ ಕೇಳಿಸುತ್ತದೆಂದು ಅದೇ ಸೀಟಿನ ಮೇಲೆ ಕೂರುತ್ತಿದ್ದೆವು. ಅದೂ ಎಲ್ಲರಿಗೂ ಅನುಕೂಲವಾದ ಹೊತ್ತಿನಲ್ಲಿ, ಬೆಚ್ಚಗಾದ ಕಾರಿನಲ್ಲಿ. ಲ್ಯಾಬಿನಲ್ಲೂ ಹಾಗೇ ಆಗಿತ್ತು. ಖಾಲಿ ಸೀಟನ್ನು ಕುಲುಕಿದ್ದು ಕೋಣೆಯ ಬೆಚ್ಚನೆಯ ಗಾಳಿಯಲ್ಲಿ. ಕೊರೆಯುವ ಚಳಿಯ ಪರೀಕ್ಷೆ ಮಾಡುವಾಗ ಸೀಟಿನ ಮೇಲೆ ಮನುಷ್ಯನಷ್ಟೇ ಭಾರದ ಡಮ್ಮಿ ಬೊಂಬೆ ಇತ್ತು. ಚಳಿ ಮತ್ತು ಖಾಲಿ ಎರಡೂ ಒಟ್ಟಿಗೆ ಇರುತ್ತಿದ್ದದ್ದು ಡೆನಿಸ್‌ನ ಬೆಳಗಿನ ಪ್ರಯಾಣದಲ್ಲಿ ಮಾತ್ರ. ನನಗೆ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತಿದ್ದೇನೆಂದು ವಿವರಿಸಿದೆ. ಡೆನಿಸ್ ನಗಲಿಲ್ಲ, ಆದರೆ ಸ್ಟೀರಿಂಗ್ ಮೇಲಿದ್ದ ಮುಷ್ಟಿ ಸಡಿಲವಾಯಿತು.

ನಾಳೆ ಬೆಳಿಗ್ಗೆ ನಿಮ್ಮ ಮನೆಗೇ ಬರುತ್ತೇವೆ, ಹಿಂದಿನ ಸೀಟಿನಲ್ಲಿ ಕೂರುತ್ತೇವೆ ಎಂದೆ. "ಅನಘಾನೂ ಬರ್ತಾಳೆ. ಒಂದು ಷರತ್ತಿದೆ. ಅವಳನ್ನು ಕಿಡ್ ಅನ್ನಬಾರದು. ನೀವು ಕೂಗಾಡಿದರೆ ಎಲ್ಲಿದ್ದೇವೋ ಅಲ್ಲೇ ಇಳಿದು ಊಬರ್ ಹಿಡೀತೀವಿ."

"ಅನ... ಏನು?" ಎಂದ. ಹೆಸರನ್ನು ಬಿಡಿಸಿ ಹೇಳಿಕೊಟ್ಟೆ.

ಅನಘಾಳನ್ನು ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು. "ನಿನಗೆ ಟ್ರಾನ್ಸ್‌ಫರ್ ಬೇಕಿದ್ರೆ ನಾನೇ ಬರೆದುಕೊಡ್ತೀನಿ. ಆದ್ರೆ ಈ ಸದ್ದು ಕೇಳಿಸ್ಕೊಂಡು ಹೋಗು. ಇಲ್ದಿದ್ರೆ ಅವರ ಮಾತೇ ಕಿವಿಯಲ್ಲಿ ಉಳಿಯುತ್ತೆ," ಎಂದ ಮೇಲೆ, ಅರೆಮನಸ್ಸಿನಿಂದ "ಫೈನ್" ಎಂದಳು.

ಮರುದಿನ ಬೆಳಿಗ್ಗೆ ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ ಹದಿಮೂರು ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೂಗಿನೊಳಗಿನ ಕೂದಲೂ ಗಟ್ಟಿಯಾಗುವ ಚಳಿ. ಇಬ್ಬರೂ ಕೋಟು, ಟೋಪಿ, ಮಫ್ಲರ್ ಹಾಕಿಕೊಂಡು ಎರಡು ಮೂಟೆಗಳಂತೆ ಹಿಂದಿನ ಸೀಟಿನಲ್ಲಿ ತುಂಬಿಕೊಂಡೆವು. ಡೆನಿಸ್ "ಗುಡ್ ಮಾರ್ನಿಂಗ್" ಅಂದನೇ ಹೊರತು ಮುಂದೆ ಮಾತಾಡಲಿಲ್ಲ. ಕೂಗದೆ ಇರುವುದಕ್ಕೆ ಬಾಯಿ ಬಿಗಿಹಿಡಿದು ಕೂತವನ ಕೆನ್ನೆ ಕನ್ನಡಿಯಲ್ಲಿ ಕಾಣುತ್ತಿತ್ತು. ಅವನ ಮನೆಯಿದ್ದ ಬಡಾವಣೆ ದಾಟಿ ಮುಖ್ಯರಸ್ತೆಗೆ ಬಂದೆವು. ಮೊದಲ ಗುಂಡಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಆಮೇಲೆ ರೈಲು ಹಳಿ ದಾಟಿದೆವು.

ಟಿಕ್. ಟಿಕ್ ಟಿಕ್.

"ಓ ಮೈ ಗಾಡ್!" ಅನಘಾ ಚೀರಿದಳು. "ಆಂಟಿ, ಕೇಳಿಸ್ತಾ? ಇಟ್ಸ್ ರಿಯಲ್! ಇಟ್ಸ್ ಟಿಕಿಂಗ್!" ಎನ್ನುತ್ತ ಸೀಟ್ ಬೆಲ್ಟ್ ಎಳೆದುಕೊಂಡೇ ಮುಂದಕ್ಕೆ ಬಾಗಿ, ಖಾಲಿ ಸೀಟಿನ ಮೇಲೆ ಅಂಗೈ ಒತ್ತಿದಳು. ಸದ್ದು ನಿಂತಿತು. ಕೈ ತೆಗೆದಳು, ಮತ್ತೆ ಟಿಕ್ ಟಿಕ್. ಒತ್ತಿದಳು, ನಿಂತಿತು. ಹೊಸ ಆಟಿಕೆ ಸಿಕ್ಕಿದ ಮಕ್ಕಳಂತೆ ಇಬ್ಬರೂ ನಗತೊಡಗಿದೆವು.

ಡೆನಿಸ್ ಒಂದು ಪೆಟ್ರೋಲ್ ಬಂಕ್‌ಗೆ ಕಾರು ತಿರುಗಿಸಿ ನಿಲ್ಲಿಸಿದ. ಕೋಟು ಕೂಡ ಹಾಕಿಕೊಳ್ಳದೆ ಇಳಿದು ಆ ಚಳಿಯಲ್ಲಿ ಕಾರಿಗೆ ಒಂದು ಸುತ್ತು ಹಾಕಿದ, ಅಲ್ಲಿನ ಅಂಗಡಿಯೊಳಗೆ ಹೋದ, ಮೂರು ಲೋಟ ಹಾಟ್ ಚಾಕೊಲೇಟ್ ಹಿಡಿದು ಬಂದ. ನಮಗೆ ಕೊಟ್ಟು, ಮುಂದೆ ನೋಡುತ್ತಲೇ ಹೇಳಿದ:

"ನನ್ನ ಹೆಂಡತಿಗೂ ಕೇಳಿಸಲಿಲ್ಲ. ಭಾನುವಾರ ಕರ್ಕೊಂಡು ಹೋಗಿದ್ದೆ, ಪಕ್ಕದಲ್ಲೇ ಕೂತಿದ್ದಳು. ಕಿವಿ ತೋರಿಸ್ಕೋ ಅಂದಳು. ತೋರಿಸಿದೆ. ಕಿವಿ ಸರಿಯಾಗಿದೆ ಅಂದರು. ಹಾಗಾದ್ರೆ ಕೆಟ್ಟಿರೋದು ಇನ್ನೇನು ಅಂತ ಚಿಂತೆಯಾಗಿತ್ತು."

ಆ ಕೂಗಾಟದ ಹಿಂದೆ ಇಷ್ಟೊಂದು ಹೆದರಿಕೆ ಇದ್ದೀತೆಂದು ನಾನು ಅಂದುಕೊಂಡಿರಲಿಲ್ಲ.

ಅದೇ ದಿನ ಸೀಟನ್ನು ಬಿಚ್ಚಿದೆವು. ಸೀಟಿನಲ್ಲಿ ಯಾರಾದರೂ ಕೂತಿದ್ದಾರೋ ಇಲ್ಲವೋ ಎಂದು ಕಾರಿಗೆ ತಿಳಿಸುವ ಸೆನ್ಸರ್ ಒಂದಿರುತ್ತದೆ. ಅದರ ವೈರಿನ ತುದಿಯ ಪ್ಲಾಸ್ಟಿಕ್ ಕನೆಕ್ಟರ್ ಚಳಿಗೆ ಸೆಟೆದು ಕಬ್ಬಿಣದ ಚೌಕಟ್ಟಿಗೆ ಬಡಿಯುತ್ತಿತ್ತು. ಯಾರಾದರೂ ಕೂತರೆ ಮೆತ್ತೆ ಕೆಳಗಿಳಿದು ಅದನ್ನು ಅದುಮಿ ಹಿಡಿಯುತ್ತಿತ್ತು. ಮೆತ್ತನೆಯ ಬಟ್ಟೆಯಂಥ ಒಂದು ತುಂಡು ಫೆಲ್ಟ್ ಟೇಪ್ ಸುತ್ತಿದ್ದೇ ತಡ, ಸದ್ದು ಹೋಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಸೊಗಸಾಗಿರುತ್ತಿತ್ತು. ಆದರೆ ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರು ಡೆನಿಸ್ ಮತ್ತೆ ಹಳೆಯ ಡೆನಿಸ್ ಆದ. ತಾನು ಹೇಳಿದ್ದೇ ನಿಜವಾಯಿತಲ್ಲ, ಆ ಉಬ್ಬು. "ಇಷ್ಟು ವಾರ ಹೇಳಿದೆ. ಈ ಕಿಡ್ ನನಗೆ ರಿಪೋರ್ಟ್ ಮೇಲೆ ರಿಪೋರ್ಟ್ ಕಳಿಸ್ತಾ..." ಎಂದು ದನಿ ಏರಿಸಿದ. ನಾನು ಬಾಯಿ ತೆರೆಯುವ ಮೊದಲೇ ಅನಘಾ ಮಾತಾಡಿದಳು. ಮಾತು ಸ್ಪಷ್ಟವಾಗಿತ್ತು.

"ಡೆನಿಸ್, ನನ್ನ ಹೆಸರು ಅನಘಾ. ಸದ್ದಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ನನ್ನ ಮೇಲೆ ಕೂಗಾಡಿದ್ದು ಸರಿಯಲ್ಲ. ಎರಡೂ ನಿಜ."

ಲಿಂಡಾ ಪೆನ್ನು ಕೆಳಗಿಟ್ಟಳು. ಡೆನಿಸ್‌ನ ಕಿವಿಯ ತುದಿಯವರೆಗೆ ಕೆಂಪೇರಿತು. ಎದ್ದು ಹೋಗುತ್ತಾನೆ ಅಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡು, "ಸರಿ. ಅನ-ಗಾ ಕಳಿಸಿದ ಮೂರನೇ ರಿಪೋರ್ಟ್ ನೋಡೋಣ," ಎಂದ. ಕ್ಷಮೆ ಕೇಳಲಿಲ್ಲ, ಆದರೆ ಆ ದಿನ ಮತ್ತೆ ದನಿಯನ್ನೂ ಏರಿಸಲಿಲ್ಲ. ವಾರದೊಳಗೆ ಸಹಿ ಬಿತ್ತು, ವಸಂತದಲ್ಲಿ ಕಾರು ರಸ್ತೆಗಿಳಿಯಿತು. ಅನಘಾ ಟ್ರಾನ್ಸ್‌ಫರ್ ಕೇಳುವುದನ್ನು ಬಿಟ್ಟಳು.

ಡೆನಿಸ್ ಮೃದು ಮನುಷ್ಯನೇನೂ ಆಗಲಿಲ್ಲ. ರಿಟೈರ್ ಆಗುವವರೆಗೂ ಗೊಣಗುತ್ತಲೇ ಇದ್ದ. ಆದರೆ ತೊಂದರೆ ಬಂದಾಗ ನೇರವಾಗಿ ಅನಘಾಗೇ ಫೋನ್ ಮಾಡಿ, ಹೊರಗೆ ಎಷ್ಟು ಡಿಗ್ರಿ, ಯಾವ ರಸ್ತೆ, ಯಾವ ಸೀಟಿನಲ್ಲಿ ಯಾರಿದ್ದರು ಎಂದು ಒಂದೂ ಬಿಡದೆ ಒಪ್ಪಿಸುತ್ತಿದ್ದ. ಅವಳು ಫೋನನ್ನು ಸ್ಪೀಕರ್‌ಗೆ ಹಾಕಿ ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದಳು.

ಕೂಗಾಡುವವರೆಲ್ಲ ಸರಿ ಇರುತ್ತಾರೆಂದು ನಾನು ಹೇಳುವುದಿಲ್ಲ. ಆಮೇಲೆ ಒಬ್ಬ ಸಹೋದ್ಯೋಗಿ ಸಿಕ್ಕಿದ್ದ. ಎಷ್ಟು ಪ್ರಶ್ನೆ ಕೇಳಿದರೂ ಅವನ ಸಿಟ್ಟಿನ ಕೆಳಗೆ ಸಿಟ್ಟೇ ಇತ್ತು. ಅವನ ಬಗ್ಗೆ ನಾನು ಎಚ್‌ಆರ್‌ಗೆ ದೂರು ಕೊಟ್ಟೆ, ಕೊಟ್ಟದ್ದಕ್ಕೆ ಬೇಸರವೂ ಇಲ್ಲ. ಆದರೆ ಯಾರಾದರೂ ದನಿ ಏರಿಸಿದಾಗ, ಅವರು ಹೇಳುತ್ತಿರುವುದೇನು, ಹೇಳುತ್ತಿರುವ ರೀತಿಯೇನು ಎಂದು ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದನ್ನು ಕಲಿತೆ. ಹೇಳಿದ್ದರಲ್ಲಿ ನಿಜವಿದ್ದರೆ ಒಪ್ಪಿಕೊಳ್ಳಬೇಕು, ರೀತಿ ಕೆಟ್ಟದ್ದಾಗಿದ್ದರೆ ಅದನ್ನೂ ಮುಖಕ್ಕೇ ಹೇಳಬೇಕು. ಒಂದನ್ನು ಮಾಡಿದೆವೆಂದು ಇನ್ನೊಂದನ್ನು ಬಿಡಬೇಕಾಗಿಲ್ಲ.

ಈಗ ನಾನು ನಿವೃತ್ತಳು. ಅನಘಾ ಶಿಕಾಗೋ ಕಡೆ ಹೋಗಿ ಇಟಾಸ್ಕಾದ ಒಂದು ಆಫೀಸಿನಲ್ಲಿ ತಂಡವೊಂದನ್ನು ನಡೆಸುತ್ತಿದ್ದಾಳೆ, ಶಾಮ್‌ಬರ್ಗ್‌ನಲ್ಲಿ ಮನೆ. ಕಳೆದ ತಿಂಗಳು ಫೋನ್ ಮಾಡಿದ್ದಳು. ಹೊಸ ಕ್ಲೈಂಟ್ ಒಬ್ಬಳು ಕೂಗಾಡಿ ಇಡೀ ತಂಡಕ್ಕೆ ಕಣ್ಣೀರು ಹಾಕಿಸುತ್ತಿದ್ದಾಳಂತೆ.

"ಏನು ಮಾಡ್ಬೇಕು ಅಂತಿದೀಯ?" ಎಂದು ಕೇಳಿದೆ.

"ನಾಳೆ ಲಂಚ್‌ಗೆ ಕರೆದಿದೀನಿ ಆಂಟಿ," ಎಂದಳು. "ಫಸ್ಟ್ ಅವ್ರು ಹೇಳೋದನ್ನ ಪೂರ್ತಿ ಕೇಳ್ತೀನಿ. ಆಮೇಲೆ ನಾನು ಹೇಳೋದನ್ನ ಅವ್ರೂ ಪೂರ್ತಿ ಕೇಳ್ಬೇಕು."