ಬೇಸ್‌ಮೆಂಟಿನ ಬೋರ್ಡಿಗೆ ಕೇಳದ ಸಂದೇಶ

ಕಳೆದ ವರ್ಷ ಜೂನ್ ತಿಂಗಳ ಮೊದಲ ಸೋಮವಾರ ಸಾಂತಾಕ್ರೂಜಿನ ಒಂದು ಹೌಸಿಂಗ್ ಸೊಸೈಟಿಯ ಲಿಫ್ಟ್ ನೆಲಮಹಡಿಯಲ್ಲಿ ಬಾಗಿಲು ತೆರೆದು ನಿಂತಿತ್ತು. ಪಕ್ಕದ ಗೋಡೆಯ ಡಿಸ್‌ಪ್ಲೇ ಮಾತ್ರ ಅದು ನಾಲ್ಕನೇ ಮಹಡಿಯಲ್ಲಿದೆ ಎಂದು ತೋರಿಸುತ್ತಿತ್ತು. ಸೊಸೈಟಿಯ ಸೆಕ್ರೆಟರಿ ಅದರ ಫೋಟೋ ತೆಗೆದು ವಿಕ್ರೋಳಿಯಲ್ಲಿರುವ ನಮ್ಮ ಕಂಪನಿಗೆ ಇಮೇಲ್ ಮಾಡಿದರು. ನಮ್ಮದು ಲಿಫ್ಟ್‌ಗಳಿಗೆ ಕಂಟ್ರೋಲ್ ಬೋರ್ಡ್ ಮಾಡುವ ಸಣ್ಣ ಕಂಪನಿ. ಬೋರ್ಡುಗಳ ಪರೀಕ್ಷೆ ನನ್ನ ಕೆಲಸ.

ಇಮೇಲಿನಲ್ಲಿ ದೂರಿನ ಜೊತೆ ಇನ್ನೆರಡು ಮಾತುಗಳಿದ್ದವು: ಮೇ ತಿಂಗಳಲ್ಲಿ ನಿಮ್ಮ ಎಂಜಿನಿಯರ್ ಬಂದು ಸಾಫ್ಟ್‌ವೇರ್ ಬದಲಿಸಿ ಹೋದ ಮೇಲೆ ಈ ತೊಂದರೆ ಶುರುವಾಗಿದೆ. ಆತ ನಿಮ್ಮಲ್ಲಿ ಕೆಲಸ ಬಿಡುತ್ತಿದ್ದಾನೆ ಎಂದು ಕೇಳಿದ್ದೇವೆ.

ಆ ಎಂಜಿನಿಯರ್ ವಿಜಯಪುರದವರು, ನನ್ನ ಪಕ್ಕದ ಮೇಜಿನವರು. ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯ ಕೊನೆಯ ವಾರಗಳಲ್ಲಿದ್ದರು. ಅವರು ಸೇರಬೇಕಿದ್ದ ಕಂಪನಿ ಇದೇ ಸೊಸೈಟಿಗೆ ಲಿಫ್ಟ್ ನಿರ್ವಹಣೆಯ ಕೊಟೇಶನ್ ಕೊಟ್ಟಿತ್ತು. ಈ ವಿಷಯವನ್ನು ನಮ್ಮ ಬಾಸ್ ನನ್ನನ್ನು ಕ್ಯಾಬಿನ್ನಿಗೆ ಕರೆದು, ಬಾಗಿಲು ಹಾಕಿಕೊಂಡು ಹೇಳಿದರು. ಆತ ಬೇಕೆಂದೇ ಏನಾದರೂ ಕೆಡಿಸಿದ್ದಾನೆಯೇ ನೋಡಿ ವರದಿ ಕೊಡಬೇಕು, ಅಲ್ಲಿಯವರೆಗೆ ಅವನ ರಿಲೀವಿಂಗ್ ಲೆಟರ್‌ಗೆ ಸಹಿ ಇಲ್ಲ ಎಂದರು. ಆ ಪತ್ರವಿಲ್ಲದೆ ಹೊಸ ಕಂಪನಿ ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

ಆ ಕಟ್ಟಡದಲ್ಲಿ ಪ್ರತಿ ಮಹಡಿಗೂ ಒಂದು ಬೋರ್ಡ್ ಇದೆ. ಮೇಲಿನ ಮಷೀನ್ ರೂಮಿನಿಂದ ಬೇಸ್‌ಮೆಂಟಿನವರೆಗೆ ಎಲ್ಲವೂ ಒಂದೇ ಜೋಡಿ ತಂತಿಗೆ ಸೇರಿಕೊಂಡಿವೆ. ಮೇಲಿನ ಬೋರ್ಡ್ ಹೇಳಿದ್ದು ಎಲ್ಲ ಮಹಡಿಗಳಿಗೂ ಕೇಳಿಸುತ್ತದೆ; ಯಾವ ಸಂದೇಶ ತೆಗೆದುಕೊಳ್ಳಬೇಕು, ಯಾವುದು ಬಿಡಬೇಕು ಎಂಬುದನ್ನು ಆಯಾ ಬೋರ್ಡಿನ ಸಾಫ್ಟ್‌ವೇರ್ ನಿರ್ಧರಿಸುತ್ತದೆ. ಸಂದೇಶ ಕಿವಿಗೆ ಬೀಳದಂತೆ ಮಾಡಬೇಕೆಂದಿರುವವನಿಗೆ ಅಲ್ಲೊಂದು ಅಂಕಿ ಬದಲಿಸಿದರೆ ಸಾಕು. ಮೇ ತಿಂಗಳಲ್ಲಿ ಅವರು ಹಾಕಿದ ಸಾಫ್ಟ್‌ವೇರನ್ನು ನಾನು ಮೊದಲು ಓದಿದ್ದು ಅದಕ್ಕಾಗಿ. ಅಂಕಿಗಳು ಸರಿಯಾಗಿದ್ದವು. ಅಷ್ಟರಿಂದ ಸಂಶಯ ಹೋಗಲಿಲ್ಲ. ನನಗೆ ಸಿಕ್ಕ ಪ್ರತಿಯೇ ಕಟ್ಟಡದಲ್ಲೂ ಇದೆ ಎನ್ನುವುದಕ್ಕೆ ಅವರ ಮಾತು ಬಿಟ್ಟರೆ ಬೇರೆ ಆಧಾರ ಇರಲಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಅನಲೈಜರ್ ತೆಗೆದುಕೊಂಡು ಹೊರಟೆ. ತಂತಿಗೆ ಸಿಕ್ಕಿಸಿದರೆ ಅದರಲ್ಲಿ ಓಡಾಡುವ ಸಂದೇಶಗಳನ್ನೆಲ್ಲ ಲ್ಯಾಪ್‌ಟಾಪಿಗೆ ತೋರಿಸುವ ಪುಟ್ಟ ಡಬ್ಬಿ ಅದು. ವಿಕ್ರೋಳಿ ಸ್ಟೇಷನ್ನಿನಲ್ಲಿ ಆ ಎಂಜಿನಿಯರ್ ನಿಂತಿದ್ದರು.

“ಸಾಂತಾಕ್ರೂಜಕ್ಕ ಹೊಂಟೀರೇನ್ರಿ ಮೇಡಮ್?”

“ಯಾರು ಹೇಳಿದ್ರು?”

“ಅನಲೈಜರ್ ಕಪಾಟಿನ್ಯಾಗ ಇಲ್ಲ. ಬಾಸ್ ನನ್ನ ಮಾರಿ ನೋಡವಲ್ರು. ಇನ್ನೇನ ಹೇಳ್ಬೇಕ್ರಿ? ಕಳ್ಳನ್ನ ಹಿಡ್ಯಾಕ ಹೊಂಟೀರಿ, ಕಳ್ಳನ್ನೂ ಕರ್ಕೊಂಡ ಹೋಗ್ರಿ. ಹುಡುಕೂ ತ್ರಾಸ ಉಳೀತೈತಿ.”

“ಬನ್ನಿ. ಆದ್ರೆ ಅಲ್ಲಿ ಏನನ್ನೂ ಮುಟ್ಟಬಾರದು.”

“ಎರಡೂ ಕೈ ಕಿಸೇದಾಗ ಇಟ್ಕೊಂಡು ನಿಂದರ್ತೀನ್ರಿ.”

ದಾದರಿನಲ್ಲಿ ಸೇತುವೆ ದಾಟಿ ವೆಸ್ಟರ್ನ್ ಲೈನಿನ ಲೋಕಲ್ ರೈಲು ಹಿಡಿದೆವು. ಅವರು ಫೋನಿನಲ್ಲಿ ಯಾರಿಗೋ ಎರಡು ಸಲ ಮೆಸೇಜ್ ಕಳಿಸಿದ್ದನ್ನು ಗಮನಿಸಿದೆ.

ಸೆಕ್ರೆಟರಿ ಲಾಬಿಯಲ್ಲಿ ಕಾಯುತ್ತಿದ್ದರು. ಡಿಸ್‌ಪ್ಲೇ ಆಗಲೂ ತಪ್ಪು ಮಹಡಿ ತೋರಿಸುತ್ತಿತ್ತು. ಬೇಸ್‌ಮೆಂಟಿಗೆ ಇಳಿದು ಅಲ್ಲಿನ ಬೋರ್ಡಿಗೆ ಅನಲೈಜರ್ ಸಿಕ್ಕಿಸಿದೆ. ತೊಂದರೆ ಮಾಯವಾಯಿತು. ಲಿಫ್ಟನ್ನು ಎಷ್ಟು ಸಲ ಮೇಲೆ ಕೆಳಗೆ ಓಡಿಸಿದರೂ ಒಂದು ಸಂದೇಶವೂ ತಪ್ಪಲಿಲ್ಲ. ಸಹೋದ್ಯೋಗಿ ಕಿಸೆಯಲ್ಲಿ ಕೈಯಿಟ್ಟು ಗೋಡೆಗೊರಗಿ ನಿಂತಿದ್ದರು. ಆ ಕಿಸೆಯಲ್ಲಿ ಏನಿದೆ ಎಂದು ನಾನು ಯೋಚಿಸಿದ್ದು ನಿಜ.

ಡಬ್ಬಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಎಲ್ಲರೂ ಮೇಲೆ ಬಂದಾಗ ನೆಲಮಹಡಿಯ ಡಿಸ್‌ಪ್ಲೇ ಮತ್ತೆ ಹಳೆಯ ಅಂಕಿಯಲ್ಲೇ ನಿಂತಿತ್ತು.

“ದೇಖಾ ಮೇಡಮ್? ಯೇ ಆದ್ಮಿ ಊಪರ್ ಆಯಾ, ಫಿರ್ ಬಂದ್,” ಎಂದು ಸೆಕ್ರೆಟರಿ ನನ್ನ ಸಹೋದ್ಯೋಗಿಯತ್ತ ಬೊಟ್ಟು ಮಾಡಿದರು. ಈ ಮನುಷ್ಯ ಮೇಲೆ ಬಂದದ್ದೇ ಮತ್ತೆ ಕೆಟ್ಟಿತಂತೆ.

“ಇವ್ರು ನನ್ನ ಮಂತ್ರವಾದಿ ಮಾಡಿಬಿಟ್ರಲ್ರೀ,” ಎಂದರು ಅವರು ಕನ್ನಡದಲ್ಲಿ. ಕೈ ಹೊರಗೆ ತೆಗೆಯಲಿಲ್ಲ.

ನಾನು ಅವರನ್ನು ಲಾಬಿಯಲ್ಲೇ ನಿಲ್ಲಿಸಿ ಒಬ್ಬಳೇ ಕೆಳಗೆ ಹೋದೆ. ಅನಲೈಜರ್ ಸಿಕ್ಕಿಸಿದೆ: ಅಲ್ಲಿನ ಡಿಸ್‌ಪ್ಲೇ ಸರಿಹೋಯಿತು. ತೆಗೆದೆ: ಕೆಟ್ಟಿತು. ಅವರು ಎಲ್ಲಿದ್ದಾರೆ ಎಂಬುದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಸಂಬಂಧ ಇದ್ದದ್ದು ನನ್ನ ಡಬ್ಬಿಗೆ. ಅದರೊಳಗೆ ಒಂದು ರೆಸಿಸ್ಟರ್, ಅಂದರೆ ವಿದ್ಯುತ್ತಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ, ಇದೆ.

ಇಂಥ ತಂತಿಯ ಎರಡು ತುದಿಗಳಲ್ಲೂ ಒಂದೊಂದು ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ತುದಿ ಮುಟ್ಟಿದ ಸಂದೇಶ ಅಲ್ಲಿಂದ ಮರಳಿ ಬಂದು, ಹಿಂದೆ ಬರುತ್ತಿರುವುದನ್ನು ಕೆಡಿಸುತ್ತದೆ. ಕರೆಂಟ್ ತೆಗೆಸಿ ಮೀಟರ್ ಹಿಡಿದೆ. ಒಂದೊಂದೂ ನೂರಿಪ್ಪತ್ತು ಓಮಿನದು; ಎರಡೂ ಇದ್ದರೆ ಅದರರ್ಧ, ಅರವತ್ತು ಓಮ್ ಬರಬೇಕು. ನೂರಿಪ್ಪತ್ತು ಬಂತು. ಒಂದು ತುದಿಯದು ಇರಲಿಲ್ಲ. ಕೆಳಗಿನ ತುದಿ ಅದೇ ಬೇಸ್‌ಮೆಂಟಿನ ಬೋರ್ಡು. ರೆಸಿಸ್ಟರ್ ಇರಬೇಕಾದ ಎರಡು ಪಿನ್ನಿನ ಜಾಗ ಖಾಲಿಯಾಗಿತ್ತು. ಡಬ್ಬಿ ಸಿಕ್ಕಿಸಿದಾಗಲೆಲ್ಲ ಅದರೊಳಗಿನ ರೆಸಿಸ್ಟರೇ ಆ ಕೆಲಸ ಮಾಡುತ್ತಿತ್ತು.

ವಾಚ್‌ಮನ್ನನ್ನು ಕೇಳಿದೆ. ಬೇಸ್‌ಮೆಂಟಿಗೆ ನೀರು ನುಗ್ಗುವ ಕಟ್ಟಡ ಅದು. ಪ್ರತಿ ವರ್ಷ ಮಳೆಗೆ ಮುಂಚೆ ಸೊಸೈಟಿಯ ಎಲೆಕ್ಟ್ರಿಶಿಯನ್ ಕೆಳಗಿನ ಬೋರ್ಡುಗಳನ್ನೆಲ್ಲ ಬಿಚ್ಚಿ, ಆಳೆತ್ತರಕ್ಕೆ ಏರಿಸಿ, ಪ್ಲಾಸ್ಟಿಕ್ ಸುತ್ತುತ್ತಾನೆ ಎಂದ. ಈ ಸಲ ಅದನ್ನು ಮಾಡಿದ್ದು ಮೇ ಕೊನೆಯಲ್ಲಿ, ಸಾಫ್ಟ್‌ವೇರ್ ಬದಲಾದ ಕೆಲವೇ ದಿನಗಳ ಮೇಲೆ. ನಮ್ಮ ಬೋರ್ಡುಗಳಿಗೆ ಅದು ಮೊದಲ ಮಳೆಗಾಲ. ರೆಸಿಸ್ಟರ್ ಇದ್ದ ಪುಟ್ಟ ಪ್ಲಗ್‌ಗೆ ಯಾವ ವೈರೂ ಇರಲಿಲ್ಲವಾದ್ದರಿಂದ ಅದು ಬೇಡದ್ದೆಂದು ಆತ ತೆಗೆದಿಟ್ಟಿದ್ದ. ಮೀಟರ್ ರೂಮಿನ ಡಬ್ಬದಲ್ಲಿ ಹಳೆಯ ಫ್ಯೂಸುಗಳ ನಡುವೆ ಅದು ಸಿಕ್ಕಿತು.

“ವೋ ತೋ ಐಸೇ ಹೀ ಲಟಕ್ ರಹಾ ಥಾ,” ಎಂದರು ಸೆಕ್ರೆಟರಿ. ಸುಮ್ಮನೆ ನೇತಾಡುತ್ತಿತ್ತಂತೆ.

ಪ್ಲಗ್ ಹಾಕಿದೆ. ಅನಲೈಜರ್ ಇಲ್ಲದೆಯೇ ಡಿಸ್‌ಪ್ಲೇ ಸರಿಯಾಯಿತು. ಸಹೋದ್ಯೋಗಿ ಆಗ ಕಿಸೆಯಿಂದ ಕೈ ತೆಗೆದು ಬೆವರು ಒರೆಸಿಕೊಂಡರು.

ಹೊರಡುವಾಗ ಸೆಕ್ರೆಟರಿಯನ್ನು ಕೇಳಿದೆ: ಇವರು ಕೆಲಸ ಬಿಡುವ ಸುದ್ದಿ ನಿಮಗೆ ಹೇಳಿದವರು ಯಾರು? ಎಲ್ಲೋ ಕೇಳಿದೆ ಎಂದರು. ಅದೇ ಪ್ರಶ್ನೆಯನ್ನು ಲೋಕಲ್‌ನಲ್ಲಿ ಸಹೋದ್ಯೋಗಿಗೂ ಕೇಳಿದೆ.

“ನಾ ಹೇಳಿಲ್ರಿ. ಹೇಳಿದ್ರೂ ಹೇಳಿಲ್ಲ ಅಂತೀನಲ್ರಿ, ಕೇಳಿ ಏನ ಮಾಡ್ತೀರಿ?”

ವರದಿಯಲ್ಲಿ ಕಾರಣ ಬರೆದೆ. ಪ್ಲಗ್ ತೆಗೆದದ್ದು ವಾಚ್‌ಮನ್ ಹೇಳಿದಂತೆ ಸೊಸೈಟಿಯ ಎಲೆಕ್ಟ್ರಿಶಿಯನ್ ಎಂದು ಬರೆದೆ. ಸುದ್ದಿ ಹೇಳಿದವರು ಯಾರೆಂದು ತಿಳಿದಿಲ್ಲ ಎಂದೂ ಬರೆದೆ. ಬಾಸ್ ಅದನ್ನು ಎರಡು ದಿನ ಇಟ್ಟುಕೊಂಡು, ಮೂರನೆಯ ದಿನ ರಿಲೀವಿಂಗ್ ಲೆಟರ್‌ಗೆ ಸಹಿ ಹಾಕಿದರು. ಸಹೋದ್ಯೋಗಿ ಜುಲೈಯಲ್ಲಿ ಹೊಸ ಕಂಪನಿ ಸೇರಿದರು. ಆಗಸ್ಟಿನಲ್ಲಿ ಆ ಸೊಸೈಟಿ ತನ್ನ ಲಿಫ್ಟ್ ನಿರ್ವಹಣೆಯನ್ನು ಅದೇ ಕಂಪನಿಗೆ ಕೊಟ್ಟಿತು.