ಏರಿನಲ್ಲಿ ಇಳಿಯದವಳು

ಸೀತೂರಿನಿಂದ ನರಸಿಂಹರಾಜಪುರಕ್ಕೆ ಹೊರಟ ಬಸ್ಸು ಆ ಬೆಳಿಗ್ಗೆಯೂ ಏರಿನ ಬುಡದಲ್ಲಿ ನಿಂತಿತು. ಬೇರೆ ಊರುಗಳಲ್ಲಿ ಓಡಿ ಸವೆದ ಬಸ್ಸುಗಳನ್ನೇ ಆಗ ನಮ್ಮ ದಾರಿಗೆ ಹಾಕುತ್ತಿದ್ದರು. ಜನರನ್ನು ತುಂಬಿಕೊಂಡು ಅವು ಏರು ಹತ್ತುತ್ತಿರಲಿಲ್ಲ. ನಾವು ಇಳಿದು ನಡೆದು, ಮೇಲೆ ಹೋಗಿ ಮತ್ತೆ ಹತ್ತುತ್ತಿದ್ದೆವು. ಇಳಿಯಿರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಮುಂದಿನ ಸೀಟಿನಲ್ಲಿದ್ದ ತುಂಬು ಬಸುರಿಯೂ ತನ್ನ ತಾಯಿಯ ತೋಳು ಹಿಡಿದು ಏಳಲು ನೋಡಿದಳು. ಅವಳಿಗೆ ಆಗಲೇ ನೋವು ಶುರುವಾಗಿತ್ತು.

“ನೀವು ಎಂತಕ್ಕೆ ಏಳೋದು ಅಕ್ಕ? ಕೂತ್ಕೊಳಿ. ನಿಮ್ಮನ್ನ ಹೊತ್ಕೊಂಡು ಹತ್ತುತ್ತೆ ಇದು,” ಎಂದರು ಕಂಡಕ್ಟರ್.

ಬಸ್ಸು ಕಪ್ಪು ಹೊಗೆ ಬಿಡುತ್ತ ಹತ್ತಿತು. ನಾವು ಮೇಲೆ ತಲುಪಿದಾಗ ಅಲ್ಲಿ ಬಸ್ಸಿರಲಿಲ್ಲ. ಸೀದಾ ಆಸ್ಪತ್ರೆಗೆ ಹೋಗಿತ್ತು, ನಮ್ಮ ಚೀಲಗಳ ಸಮೇತ. ಮೊಬೈಲ್ ಇದ್ದ ಒಬ್ಬರು ತೆಗೆದು ನೋಡಿದರು, ಸಿಗ್ನಲ್ ಇರಲಿಲ್ಲ.

“ನಮಗೋಸ್ಕರ ನಿಂತಿದ್ರೆ ಮತ್ತೆ ಸ್ಟಾರ್ಟ್ ಆಗ್ತಿರ್ಲಿಲ್ಲ ಮಾರಾಯ,” ಎಂದು ಹಿರಿಯರೊಬ್ಬರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ನಾವೂ ಕೂತೆವು.

ಮಧ್ಯಾಹ್ನದ ಹೊತ್ತಿಗೆ ಬಸ್ಸು ಖಾಲಿಯಾಗಿ ವಾಪಸ್ ಬಂತು. ಕಂಡಕ್ಟರ್ ಬಾಗಿಲಲ್ಲೇ ನಿಂತು, “ಹೆಣ್ಣು ಕೂಸು. ಇಬ್ರೂ ಆರಾಮಿದ್ದಾರೆ. ಹತ್ತಿ,” ಎಂದರು. ಶಾಲೆಗೆ, ಕಚೇರಿಗೆ ಹೋಗಬೇಕಾದವರಿಗೆ ಆ ದಿನ ರಜೆಯೇ ಆಗಿಹೋಗಿತ್ತು. ಆದರೂ ಯಾರೂ ಗೊಣಗಲಿಲ್ಲ.

ಮುಂದೆ ನಮ್ಮ ದಾರಿಗೂ ಹೊಸ ಬಸ್ಸು ಬಂತು. ಅದು ಏರನ್ನು ನಿಲ್ಲದೆ ಹತ್ತುತ್ತದೆ. ಮಂಡಿನೋವಿರುವ ನನಗೆ ಅದರಿಂದ ಸಂತೋಷವೇ. ಆ ಹೆಂಗಸು ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಮೊದಲ ಸಲ ಹೊಸ ಬಸ್ಸು ಹತ್ತಿದಾಗ, ನಾಲ್ಕೈದು ಸೀಟುಗಳು ಒಟ್ಟಿಗೆ ಖಾಲಿಯಾದವು. ಎದ್ದವರೆಲ್ಲ ಅಂದು ಏರು ನಡೆದವರೇ.