ಅಕ್ಕನಿಗಾಗಿ ಓದದೆ ಇಟ್ಟ ಪುಸ್ತಕ

ಅನ್ವಿತಾ, ಸಮರ್ಥಾ, ಆ ಜಪಾನಿ ಚಿತ್ರಕಥೆಯ ಹೊಸ ಭಾಗ ಹಿಡಿದು, ಅರಮನೆಯಲ್ಲಿ ವಿಷ ಹಾಕಿದವರು ಯಾರು ಎಂದು ನೀವು ಜಗಳಾಡುತ್ತಿದ್ದಿರಲ್ಲ, ನಿಮ್ಮ ಅಜ್ಜಿ ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ವಯಸ್ಸಿನಲ್ಲಿ ನನಗೂ ಅಂಥದೇ ಹುಚ್ಚಿತ್ತು.

ಆಗ ನಾವು ಇಳಕಲ್ ಹತ್ತಿರದ ಹಳ್ಳಿಯಲ್ಲಿದ್ದೆವು. ಅಪ್ಪ ನೇಯ್ದ ಸೀರೆ ಕೊಟ್ಟು ಬರಲು ಪೇಟೆಗೆ ಹೋದಾಗ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಚಿತ್ರಕಥೆಯ ಪುಸ್ತಕ ತರುತ್ತಿದ್ದ. ಬಾದಾಮಿಯ ಅರಸರ ಕಾಲದ ಪತ್ತೇದಾರಿ ಕಥೆ, ತಿಂಗಳಿಗೊಂದು ಭಾಗ. ನಾನೂ ಶಾಂತಕ್ಕನೂ ನೂಲು ಸುತ್ತುವುದನ್ನು ಬಿಟ್ಟು ತಲೆಗೆ ತಲೆ ತಾಗಿಸಿ ಓದುತ್ತಿದ್ದೆವು. ರಾಣಿಯ ಮುತ್ತಿನ ಸರ ಕದ್ದವರು ಯಾರು? ನಾನು ಮಂತ್ರಿ ಎಂದರೆ ಅಕ್ಕ ದಾಸಿ ಎನ್ನುತ್ತಿದ್ದಳು.

ಕಳ್ಳ ಸಿಗುವ ಮುಂಚೆ ಅಕ್ಕನ ಮದುವೆಯಾಯಿತು. ಗಂಡನ ಊರು ಬೇವೂರಿಗೆ ಹೊರಟಾಗ ನನ್ನನ್ನು ತಬ್ಬಿಕೊಂಡು ಅಳುತ್ತಾ ಕಿವಿಯಲ್ಲಿ, “ನಾ ಬರೂತನಕ ಓದಬ್ಯಾಡ ಮತ್ತ” ಎಂದಳು. ನೋಡಿದವರು ತಂಗಿಗೆ ಬುದ್ಧಿ ಹೇಳುತ್ತಿದ್ದಾಳೆ ಎಂದುಕೊಂಡರು.

ಮುಂದಿನ ಭಾಗ ಬಂತು. ಮೂಸಿ ನೋಡಿ ಹಾಸಿಗೆಯ ಅಡಿಗೆ ಇಟ್ಟೆ. ಅವ್ವ ನಕ್ಕಳು.

“ಓದ ಹುಚ್ಚಿ. ಗಂಡನ ಮನಿಗೆ ಹೋದಾಕಿ ನಿನ್ನ ಕಳ್ಳನ್ನ ನೆನಸ್ಕೊಂತ ಕುಂತಿರ್ತಾಳೇನು?”

ಆ ಮಾತು ಚುಚ್ಚಿತು. ಅಕ್ಕ ಖರೆಯೇ ಮರೆತಿದ್ದರೆ?

ಅದರ ಮುಂದಿನ ಭಾಗ ಬರುವ ಮೊದಲೇ ನಾಗರಪಂಚಮಿ ಬಂತು, ಅಪ್ಪ ಅವಳನ್ನು ಕರೆತಂದ. ತಲೆಯ ಮೇಲೆ ಸೆರಗು, ಅಳೆದು ತೂಗಿದಂಥ ಮಾತು. ಬೆಲ್ಲದ ಪಾಕದ ಘಮ ಮನೆ ತುಂಬಿತ್ತು. ಅಕ್ಕ ಬೀಗರ ಮನೆಗೆ ಬಂದವಳಂತೆ ಒಂದೇ ಶೇಂಗಾ ಉಂಡಿ ತಿಂದಳು. ಪುಸ್ತಕದ ಮಾತೆತ್ತಲು ನನಗೆ ಧೈರ್ಯವಾಗಲಿಲ್ಲ. ಬೇವಿನ ಮರದ ಜೋಕಾಲಿಗೆ ಹೋದಾಗ ಅವಳೇ ಅತ್ತಿತ್ತ ನೋಡಿ ಪಿಸುಗುಟ್ಟಿದಳು:

“ಕಳ್ಳ ಯಾರು ಹೇಳ. ದಾಸೀನ ಹೌದಿಲ್ಲೋ?”

“ನಾ ಎಲ್ಲಿ ಓದೇನಿ? ನೀನ ಬ್ಯಾಡಂದಿದ್ದಿ.”

“ಖರೇನ?”

ಅವಳ ಕಣ್ಣು ತುಂಬಿತು. ಓಡಿಹೋಗಿ ಪುಸ್ತಕ ತಂದೆ. ಒಂದೇ ಹಲಗೆಯ ಮೇಲೆ ಕುಳಿತು ಓದಿದೆವು. ಕೊನೆಯ ಪುಟದಲ್ಲಿ ಬಾಗಿಲ ಹಿಂದೆ ಬರೀ ಒಂದು ನೆರಳು. ಉಳಿದದ್ದು ಮುಂದಿನ ಭಾಗಕ್ಕೆ.

“ಇವರ ಮನಿ ಹಾಳಾಗ್ಲಿ!” ಎಂದು ಅಕ್ಕ ನಕ್ಕ ನಗೆಗೆ ಅವ್ವ ಓಡಿ ಹೊರಗೆ ಬಂದಳು.

ಕಳ್ಳ ಯಾರೆಂದು ಆಮೇಲೆ ತಿಳಿಯಿತು. ಈಗ ಅದೂ ಮರೆತಿದೆ. ಅಕ್ಕ ತೀರಿಹೋಗಿ ಎಷ್ಟೋ ವರ್ಷಗಳಾದವು. ನೀವು ಸಾಲೆಗೆ ಹೋದಾಗ ನಿಮ್ಮ ಪುಸ್ತಕದ ಚಿತ್ರಗಳನ್ನು ನಾನೂ ನೋಡುತ್ತೇನೆ. ಅದರ ಇಂಗ್ಲಿಷ್ ಅನುವಾದ ಓದಲು ನನಗೆ ಬಾರದು, ಆದರೂ ವಿಷ ಹಾಕಿದವರನ್ನು ಊಹಿಸುತ್ತೇನೆ. ‘ಅಲ್ಲವೇ ಅಲ್ಲ’ ಎಂದು ಜಗಳಕ್ಕೆ ನಿಲ್ಲಲು ಅಕ್ಕ ಇಲ್ಲ.

ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿ ಇಡಿರಪ್ಪಾ.